ನಿಮಗಿದು ಗೊತ್ತೇ? ಟರ್ಬೊ ಎಂಜಿನ್ನಿನ ಮೇನ್ ಬೇರಿಂಗ್ ಸಂದಿ

ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವ ರಸ್ತೆಯಲ್ಲಿ, ತುಂಗಭದ್ರೆಯ ದಡದಲ್ಲಿರುವ ಹೊಳಲೂರಿನ ಸುತ್ತ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಒಂದಷ್ಟು ಎಂಜಿನ್‌ಗಳ ಆಯಸ್ಸೂ ಮುಗಿದಿರುತ್ತದೆ. ಕಟಾವು ಯಂತ್ರ, ಟ್ರ್ಯಾಕ್ಟರ್, ಭತ್ತ ಸಾಗಿಸುವ ಲಾರಿ ಯಾವುದೇ ಇರಲಿ, ಫುಲ್ ಎಂಜಿನ್ ಕೆಲಸಕ್ಕೆಂದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಬರುತ್ತವೆ. ಎಂಜಿನ್ ಬಿಚ್ಚಿ ಕ್ರ್ಯಾಂಕ್ ಗ್ರೈಂಡಿಂಗಿಗೆ ಕೊಡುವ ಮುನ್ನ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಟರ್ಬೊ ಗಾಡಿ ಕಣಣ್ಣ, ಮೇನ್ ಬೇರಿಂಗ್ ಸ್ವಲ್ಪ ಲೂಸೇ ಇರ್ಲಿ." ಈ ಮಾತಿನಲ್ಲಿ ಅರ್ಧ ನಿಜವಿದೆ. ಇನ್ನರ್ಧವನ್ನು ಕೇಳದೆ ಕ್ರ್ಯಾಂಕ್ ಕೂರಿಸಬೇಡಿ.

◆ ಓಡುತ್ತಿರುವ ಎಂಜಿನ್‌ನಲ್ಲಿ ಕ್ರ್ಯಾಂಕು ಬೇರಿಂಗನ್ನು ಮುಟ್ಟುವುದೇ ಇಲ್ಲ, ಆಯಿಲ್ ಮೇಲೆ ತೇಲುತ್ತದೆ. ಇದು ಗೊತ್ತಾದದ್ದು ಒಂದು ಆಕಸ್ಮಿಕದಿಂದ. 1883ರಲ್ಲಿ ಇಂಗ್ಲೆಂಡಿನ ಬ್ಯೂಚಾಂಪ್ ಟವರ್ ಎಂಬ ಎಂಜಿನಿಯರು ರೈಲಿನ ಅಚ್ಚುಗಳ ಬೇರಿಂಗ್ ಮೇಲೆ ಪ್ರಯೋಗ ನಡೆಸುತ್ತಿದ್ದ. ಆಯಿಲ್ ಬಿಡಲೆಂದು ಬೇರಿಂಗಿನ ನೆತ್ತಿಗೆ ತೂತು ಕೊರೆದರೆ ಆಯಿಲ್ ಒಳಗೆ ಇಳಿಯುವ ಬದಲು ಮೇಲಕ್ಕೆ ಉಕ್ಕಿತು. ಬೆಂಡು ತುರುಕಿದ, ಅದು ಹೊರಕ್ಕೆ ಬಂತು. ಮರದ ಬಿರಡೆ ಬಡಿದ, ಅದನ್ನೂ ತಳ್ಳಿತು. ಕೊನೆಗೆ ಪ್ರೆಶರ್ ಗೇಜ್ ಕೂರಿಸಿದರೆ ಅದರ ಮುಳ್ಳು 200 ಪಿಎಸ್‌ಐ ದಾಟಿ ಗೇಜಿನ ಅಳತೆಯನ್ನೇ ಮೀರಿತು. ಯಾವ ಪಂಪೂ ಇಲ್ಲದೆ, ಅಚ್ಚು ತಿರುಗುವುದರಿಂದಲೇ ಹುಟ್ಟಿದ ಒತ್ತಡವದು. ಮೂರು ವರ್ಷದ ನಂತರ, 1886ರಲ್ಲಿ, ಆಸ್ಬೋರ್ನ್ ರೆನಾಲ್ಡ್ಸ್ ಅದಕ್ಕೆ ಲೆಕ್ಕ ಬರೆದ. ಇಂದಿಗೂ ಬೇರಿಂಗ್ ವಿನ್ಯಾಸ ಮಾಡುವವರ ಕಂಪ್ಯೂಟರಿನೊಳಗೆ ಕೂತಿರುವುದು ಆ ಸಮೀಕರಣವೇ. ನಿಮ್ಮ ಗಾಡಿಯ ಆಯಿಲ್ ಪಂಪು ಸಂದಿಗೆ ಆಯಿಲ್ ತಂದು ಸುರಿಯುತ್ತದೆ, ಅಷ್ಟೆ. ಭಾರ ಹೊರುವ ಒತ್ತಡವನ್ನು ಕ್ರ್ಯಾಂಕ್ ತಾನೇ ತಯಾರಿಸಿಕೊಳ್ಳುತ್ತದೆ.

◆ ಸಂದಿ ಎಷ್ಟಿರಬೇಕು? ಹಳೆಯ ಮೇಸ್ತ್ರಿಗಳ ಲೆಕ್ಕ ಸರಳ. ಜರ್ನಲ್ಲಿನ, ಅಂದರೆ ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗದ, ವ್ಯಾಸದ ಪ್ರತಿ ಇಂಚಿಗೆ ಒಂದು ಥೌ, ಅಂದರೆ ಸಾವಿರದಲ್ಲಿ ಒಂದು ಭಾಗ. 60 ಮಿ.ಮೀ. ಜರ್ನಲ್ಲಿಗೆ 0.06 ಮಿ.ಮೀ., 80ಕ್ಕೆ 0.08. ರೇಸ್ ಎಂಜಿನ್ ಕಟ್ಟುವವರು ಇದರ ಮೇಲೆ ಅರ್ಧ ಥೌ, ಸುಮಾರು 0.013 ಮಿ.ಮೀ., ಹೆಚ್ಚಿಗೆ ಕೊಡುವುದುಂಟು. ಟರ್ಬೊ ಲೂಸಿನ ಮಾತಿಗೆ ಮೂಲ ಈ ಅರ್ಧ ಥೌ. ನಮ್ಮೂರಿಗೆ ಬರುವಷ್ಟರಲ್ಲಿ ಅದು ಎರಡು ಥೌ ಆಗಿಬಿಟ್ಟಿದೆ.

◆ 0.07 ಮಿ.ಮೀ. ಅಂದರೆ ಎಷ್ಟು ಎಂದು ಕಣ್ಣಿಗೆ ಕಟ್ಟಬೇಕಾದರೆ ಒಂದು ಹಾಳೆ ದಿನಪತ್ರಿಕೆ ಕೈಗೆತ್ತಿಕೊಳ್ಳಿ. ನ್ಯೂಸ್‌ಪ್ರಿಂಟ್ ಕಾಗದದ ದಪ್ಪ ಹೆಚ್ಚೂಕಡಿಮೆ ಅಷ್ಟೇ. 1936ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ ಒಂದು ಕಾಲಕ್ಕೆ ಇದೇ ಕಾಗದವನ್ನು ಟನ್ನುಗಟ್ಟಲೆ ತಯಾರಿಸುತ್ತಿತ್ತು. ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು.

◆ ಆ 0.07 ಕೂಡ ಎರಡೂ ಬದಿ ಸೇರಿಸಿದ ಲೆಕ್ಕ. ಎಂಜಿನ್ ಓಡುವಾಗ ಕ್ರ್ಯಾಂಕ್ ನಡುಮಧ್ಯದಲ್ಲಿ ಇರುವುದಿಲ್ಲ, ಹೊಡೆತ ಬೀಳುವ ಬದಿಗೆ ಸರಿದಿರುತ್ತದೆ. ಜೋರು ಲೋಡಿನಲ್ಲಿ ಅಲ್ಲಿ ಉಳಿಯುವ ಆಯಿಲ್ ಪದರ ಒಂದೆರಡು ಮೈಕ್ರಾನ್, ಒಮ್ಮೊಮ್ಮೆ ಅದಕ್ಕೂ ಕಡಿಮೆ. ಸಾಮಾನ್ಯ ಆಯಿಲ್ ಫಿಲ್ಟರ್ ಖಾತ್ರಿಯಾಗಿ ಹಿಡಿಯುವುದು ಇಪ್ಪತ್ತು ಮೂವತ್ತು ಮೈಕ್ರಾನಿನ ಕಸವನ್ನು. ಅಂದರೆ ಫಿಲ್ಟರಿನಿಂದ ನುಸುಳಿದ ಕಸ ಆಯಿಲ್ ಪದರಕ್ಕಿಂತ ದಪ್ಪಗಿರಬಹುದು. ಬೇರಿಂಗಿನ ಮೇಲ್ಮೈಯನ್ನು ಮೆತ್ತಗಿನ ಲೋಹದಲ್ಲಿ ಮಾಡುವುದಕ್ಕೆ ಇದೂ ಒಂದು ಕಾರಣ. ಕಸ ಅದರೊಳಗೆ ಹೂತುಕೊಂಡರೆ ಕ್ರ್ಯಾಂಕ್ ಗೀರಿನಿಂದ ಉಳಿಯುತ್ತದೆ.

◆ ಮೆತ್ತನೆಯ ಬೇರಿಂಗ್ ಲೋಹಕ್ಕೆ 1839ರಲ್ಲಿ ಪೇಟೆಂಟ್ ಪಡೆದ ಐಸಾಕ್ ಬ್ಯಾಬಿಟ್ ಅಮೆರಿಕದ ಅಕ್ಕಸಾಲಿಗ. ಈಗಿನ ದೊಡ್ಡ ಡೀಸೆಲ್‌ಗಳ ಶೆಲ್ಲಿನಲ್ಲಿ, ಅಂದರೆ ಬೇರಿಂಗಿನ ಅರ್ಧ ಬಳೆಯಲ್ಲಿ, ಕೆಳಗೆ ಉಕ್ಕು, ಅದರ ಮೇಲೆ ತಾಮ್ರ ಸೀಸದ ಪದರ, ಮಧ್ಯೆ ನಿಕ್ಕಲ್ಲಿನ ತೆಳು ತಡೆ, ಎಲ್ಲಕ್ಕೂ ಮೇಲೆ ಇಪ್ಪತ್ತು ಮೈಕ್ರಾನಿನಷ್ಟು ಮೆದುಲೋಹ. ಹೊಸ ಶೆಲ್ ಕೈಗೆ ಬಂದರೆ ಅದನ್ನು ಎಮರಿ ಕಾಗದದಿಂದ ಉಜ್ಜಿ 'ಸೆಟ್' ಮಾಡುವವರಿದ್ದಾರೆ. ಉಜ್ಜಿ ತೆಗೆಯುವುದು ಆ ಇಪ್ಪತ್ತು ಮೈಕ್ರಾನನ್ನೇ.

◆ ಟರ್ಬೊ ಕೂರಿಸಿದರೆ ಬೇರಿಂಗಿನ ಮೇಲೆ ಭಾರ ಎಷ್ಟು ಏರುತ್ತದೆ? 100 ಮಿ.ಮೀ. ಬೋರಿನ ಪಿಸ್ಟನ್ ತೆಗೆದುಕೊಳ್ಳಿ. ಟರ್ಬೊ ಇಲ್ಲದ ಹಳೆಯ ಡೀಸೆಲ್ಲಿನಲ್ಲಿ ಸಿಲಿಂಡರಿನ ಗರಿಷ್ಠ ಒತ್ತಡ 80 ಬಾರ್ ಎಂದಿಟ್ಟುಕೊಂಡರೆ ಪಿಸ್ಟನ್ ಮೇಲೆ ಸುಮಾರು ಆರೂವರೆ ಟನ್. ಇಂಟರ್‌ಕೂಲರ್ ಇರುವ ಟರ್ಬೊದಲ್ಲಿ 150 ಬಾರ್ ಸಾಮಾನ್ಯ, ಅದು ಹನ್ನೆರಡು ಟನ್. ನಾಲ್ಕು ಸಿಲಿಂಡರಿಗೆ ಐದು ಮೇನ್ ಬೇರಿಂಗ್ ಇರುವುದರಿಂದ ಪ್ರತಿ ಹೊಡೆತವನ್ನೂ ಅಕ್ಕಪಕ್ಕದ ಎರಡು ಹಂಚಿಕೊಳ್ಳುತ್ತವೆ. ಹಂಚಿಕೊಂಡರೂ ಬೇರಿಂಗಿಗೆ ಆರು ಟನ್, ನಿಮಿಷಕ್ಕೆ ಸಾವಿರ ಸಲ.

◆ ಈ ಅಂಕಣದಲ್ಲಿ ಒಂದೇ ಒಂದು ಸಂಗತಿ ನೆನಪಿಡುವುದಾದರೆ ಇದನ್ನಿಡಿ. ಸಂದಿಯಿಂದ ಸೋರಿಹೋಗುವ ಆಯಿಲ್, ಸಂದಿಯ ಘನಕ್ಕೆ ತಕ್ಕಂತೆ ಏರುತ್ತದೆ. ಸಂದಿ ಎರಡರಷ್ಟಾದರೆ ಸೋರಿಕೆ ಎಂಟರಷ್ಟು. 0.06 ಇದ್ದದ್ದನ್ನು 0.09 ಮಾಡಿದಿರೋ, ಮೂರು ಪಟ್ಟಿಗೂ ಹೆಚ್ಚು. ಇದರಲ್ಲಿ ಒಳ್ಳೆಯದೂ ಇದೆ. ಹೆಚ್ಚು ಆಯಿಲ್ ಹರಿದರೆ ಬೇರಿಂಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ, ಕ್ರ್ಯಾಂಕ್ ಬಾಗಿದರೂ ಶೆಲ್ಲಿನ ಅಂಚಿಗೆ ಉಜ್ಜುವ ಸಂಭವ ಕಡಿಮೆ. ರೇಸಿನವರು ಅರ್ಧ ಥೌ ಹೆಚ್ಚಿಗೆ ಕೊಡುವುದು ಇದಕ್ಕೇ. ಆದರೆ ಅವರು ಅದರ ಜೊತೆಗೆ ದೊಡ್ಡ ಪಂಪು ಕೂರಿಸುತ್ತಾರೆ, ಗಟ್ಟಿ ಆಯಿಲ್ ಹಾಕುತ್ತಾರೆ, ಕೆಲವು ರೇಸ್ ಆದಮೇಲೆ ಎಂಜಿನ್ ಬಿಚ್ಚಿ ಶೆಲ್ ಬದಲಿಸುತ್ತಾರೆ. ಕಟಾವು ಯಂತ್ರದ ಮಾಲೀಕನಿಗೆ ಈ ಮೂರರಲ್ಲಿ ಯಾವುದೂ ಇಲ್ಲ. ಪಂಪು ಹಳೆಯದು, ಆಯಿಲ್ ಮಾಮೂಲಿನದು, ಎಂಜಿನ್ ಮುಂದಿನ ಐದು ವರ್ಷ ಬಿಚ್ಚುವಂತಿಲ್ಲ.

◆ ಸಂದಿ ಹೆಚ್ಚಾದರೆ ಭಾರ ಹೊರುವ ಜಾಗವೂ ಕಿರಿದಾಗುತ್ತದೆ. ಬಿಗಿಯಾದ ಬೇರಿಂಗಿನಲ್ಲಿ ಜರ್ನಲ್ಲು ಶೆಲ್ಲಿನ ಅಗಲವಾದ ಕಮಾನಿಗೆ ಒರಗುತ್ತದೆ. ಸಡಿಲವಾದರೆ ಅದೇ ಆರು ಟನ್ ಒಂದು ಸಣ್ಣ ಪಟ್ಟಿಯ ಮೇಲೆ ಬೀಳುತ್ತದೆ, ಅಲ್ಲಿ ಒತ್ತಡ ಏರಿ ಆಯಿಲ್ ಪದರ ತೆಳುವಾಗುತ್ತದೆ. ಹೀಗಾಗಿ 'ಟರ್ಬೊ ಇದೆ, ಭಾರ ಹೆಚ್ಚು, ಅದಕ್ಕೇ ಲೂಸ್ ಬಿಡು' ಎಂಬ ತರ್ಕ ತಲೆಕೆಳಗು. ಭಾರ ಹೆಚ್ಚಿದ್ದಕ್ಕೆ ಬೇಕಾದದ್ದು ಬಿಗಿ, ಬಿಸಿ ಹೆಚ್ಚಿದ್ದಕ್ಕೆ ಬೇಕಾದದ್ದು ಸಡಿಲ. ಈ ಎರಡರ ಜಗಳ ಬಿಡಿಸಿ ಕಂಪನಿಯವರು ಪುಸ್ತಕದಲ್ಲಿ ಒಂದು ಅಂಕಿ ಬರೆದಿರುತ್ತಾರೆ.

◆ ಆ ಪುಸ್ತಕ ತೆರೆದವರಿಗೆ ಒಂದು ಅಚ್ಚರಿ ಕಾದಿದೆ. ಒಂದೇ ಎಂಜಿನ್ನಿನ ಟರ್ಬೊ ಇಲ್ಲದ ಮತ್ತು ಟರ್ಬೊ ಇರುವ ಮಾದರಿಗಳಿಗೆ ಮೇನ್ ಬೇರಿಂಗ್ ಸಂದಿಯನ್ನು ಎಷ್ಟೋ ತಯಾರಕರು ಒಂದೇ ಕೊಟ್ಟಿರುತ್ತಾರೆ. ಬೇರೆಯಾಗುವುದು ಶೆಲ್ಲಿನ ಲೋಹ, ಪಂಪಿನ ಗಾತ್ರ, ಆಯಿಲ್ ಕೂಲರ್, ಪಿಸ್ಟನ್ನಿನ ಅಡಿಗೆ ಆಯಿಲ್ ಚಿಮ್ಮುವ ಜೆಟ್‌ಗಳು. ಟರ್ಬೊ ಇಲ್ಲದ ಎಂಜಿನ್ನಿನ ಅಗ್ಗದ ಶೆಲ್ಲನ್ನು ಟರ್ಬೊ ಎಂಜಿನ್ನಿಗೆ ಹಾಕಿ ಸಂದಿಯ ಬಗ್ಗೆ ತಲೆ ಕೆಡಿಸಿಕೊಳ್ಳುವವರನ್ನು ಕಂಡರೆ ನಗು ಬರುತ್ತದೆ. ಅಳತೆ ಎರಡಕ್ಕೂ ಒಂದೇ, ಆದ್ದರಿಂದ ಕೂರುತ್ತದೆ. ಬಾಳುವುದಿಲ್ಲ.

◆ ಮೇನ್ ಬೇರಿಂಗ್ ಕುಡಿದು ಮಿಕ್ಕ ಆಯಿಲ್ ಬಿಗ್ ಎಂಡಿಗೆ, ಅಂದರೆ ಕನೆಕ್ಟಿಂಗ್ ರಾಡಿನ ಬೇರಿಂಗಿಗೆ. ಕ್ರ್ಯಾಂಕಿನೊಳಗೆ ಕೊರೆದ ತೂತಿನ ಮೂಲಕ ಅಲ್ಲಿಗೆ ಹೋಗುತ್ತದೆ. ಜೆಟ್, ಕ್ಯಾಮ್, ರಾಕರ್, ಟರ್ಬೊ ಎಲ್ಲವೂ ಅದೇ ಪಂಪಿನ ಮುಂದೆ ಸಾಲಾಗಿ ಕೈಯೊಡ್ಡಿ ನಿಂತಿರುತ್ತವೆ. ಮೇನ್‌ಗಳನ್ನು ಸಡಿಲ ಬಿಟ್ಟರೆ ಬಿಸಿಯಾದ ಎಂಜಿನ್ ಐಡಲಿನಲ್ಲಿರುವಾಗ ಮೊದಲು ಉಪವಾಸ ಬೀಳುವುದು ಅತಿ ವೇಗದಲ್ಲಿ ತಿರುಗುವ ಟರ್ಬೊ. ಹೊಸ ಟರ್ಬೊ ಹಾಕಿದ ತಿಂಗಳಿಗೇ ಹೋಯಿತೆಂದು ಅಂಗಡಿಯವನನ್ನು ಬೈಯುವ ಮುನ್ನ ಬಿಸಿ ಎಂಜಿನ್ನಿನ ಆಯಿಲ್ ಪ್ರೆಶರ್ ನೋಡಿ. ಸಾವಿರ ಆರ್‌ಪಿಎಂಗೆ ಹತ್ತು ಪಿಎಸ್‌ಐ ಎಂಬುದು ಗ್ಯಾರೇಜಿನ ಹಳೆಯ ಲೆಕ್ಕ. ಅಷ್ಟು ಇಲ್ಲದಿದ್ದರೆ ತಪ್ಪು ಟರ್ಬೊದ್ದಲ್ಲ.

◆ ಟರ್ಬೊದ ಅಚ್ಚು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ಹೊಡೆಯುತ್ತದೆ. ಸಣ್ಣ ಕಾರುಗಳಲ್ಲಿ ಎರಡು ಲಕ್ಷ ದಾಟುವುದೂ ಇದೆ. ಸಾಮಾನ್ಯ ಮಾದರಿಗಳಲ್ಲಿ ಅದರ ಬುಶ್ ಕೂಡ ತೇಲುತ್ತದೆ. ಬುಶ್ಶಿನ ಒಳಗೊಂದು ಆಯಿಲ್ ಪದರ, ಹೊರಗೊಂದು, ನಡುವೆ ಬುಶ್ಶೇ ಅಚ್ಚಿಗಿಂತ ನಿಧಾನವಾಗಿ ಸುತ್ತುತ್ತಿರುತ್ತದೆ. ಟರ್ಬೊದ ಅಚ್ಚನ್ನು ಕೈಯಲ್ಲಿ ಅಲ್ಲಾಡಿಸಿ "ಪ್ಲೇ ಬಂದಿದೆ" ಎಂದು ಎಸೆಯುವುದು ಆತುರ. ಪಕ್ಕಕ್ಕೆ ಒಂದಿಷ್ಟು ಪ್ಲೇ ಇರಲೇಬೇಕು, ಆಯಿಲ್ ನಿಲ್ಲುವುದು ಅಲ್ಲಿಯೇ.

◆ ಟರ್ಬೊ ಹುಟ್ಟಿದ್ದು ಸ್ವಿಟ್ಜರ್‌ಲೆಂಡಿನಲ್ಲಿ. ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ. ಅದು ನಿಜವಾಗಿ ದುಡಿಯಲು ಇಪ್ಪತ್ತು ವರ್ಷ ಬೇಕಾಯಿತು. 1920ರ ದಶಕದಲ್ಲಿ ಎರಡು ಜರ್ಮನ್ ಹಡಗುಗಳ ಡೀಸೆಲ್ ಎಂಜಿನ್‌ಗಳಿಗೆ ಹಾಕಿದಾಗ 1,750 ಅಶ್ವಶಕ್ತಿ 2,500ಕ್ಕೆ ಏರಿತು.

◆ ಹುಬ್ಬಳ್ಳಿಯ ಡೀಸೆಲ್ ಲೋಕೊ ಶೆಡ್ಡಿನ ಇಎಂಡಿ ಎಂಜಿನ್‌ಗಳಲ್ಲಿ ಟರ್ಬೊ ಹೊಗೆಯ ರಭಸಕ್ಕೆ ಮಾತ್ರ ತಿರುಗುವುದಿಲ್ಲ. ಕಡಿಮೆ ಲೋಡಿನಲ್ಲಿ ಎಂಜಿನ್ನೇ ಗೇರಿನ ಮೂಲಕ ಅದನ್ನು ತಿರುಗಿಸುತ್ತದೆ, ಹೊಗೆಗೆ ಬಲ ಬಂದಮೇಲೆ ಕ್ಲಚ್ ಕಳಚಿಕೊಂಡು ತಾನೇ ಓಡುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಎಂಜಿನ್ ಆಫ್ ಮಾಡಿದ ಮೇಲೂ ಒಂದು ಸಣ್ಣ ಕರೆಂಟ್ ಪಂಪು ಅರ್ಧ ಗಂಟೆಗೂ ಹೆಚ್ಚು ಹೊತ್ತು ಟರ್ಬೊಗೆ ಆಯಿಲ್ ಹರಿಸುತ್ತಲೇ ಇರುತ್ತದೆ, ಕಾದ ಅಚ್ಚಿನ ಮೇಲೆ ಆಯಿಲ್ ಸುಟ್ಟು ಕರಿ ಕಟ್ಟದಿರಲೆಂದು. ಗದ್ದೆಯ ಬದುವಿನಲ್ಲಿ ಫುಲ್ ಲೋಡಿನಿಂದ ನೇರ ಕೀಲಿ ತಿರುಗಿಸಿ ಊಟಕ್ಕೆ ಇಳಿಯುವ ಡ್ರೈವರಣ್ಣನಿಗೆ ಅಂಥ ಪಂಪಿಲ್ಲ. ಎರಡು ಮೂರು ನಿಮಿಷ ಐಡಲ್ ಬಿಟ್ಟರೆ ಆ ಪಂಪಿನ ಕೆಲಸ ಬಹುಪಾಲು ಆಗುತ್ತದೆ.

◆ 15ಡಬ್ಲ್ಯು-40 ಆಯಿಲ್ 40 ಡಿಗ್ರಿಯಲ್ಲಿ ಇರುವಷ್ಟು ಗಟ್ಟಿ 100 ಡಿಗ್ರಿಯಲ್ಲಿ ಇರುವುದಿಲ್ಲ. ಹೆಚ್ಚೂಕಡಿಮೆ ಏಳನೇ ಒಂದು ಪಾಲಿಗೆ ಇಳಿದಿರುತ್ತದೆ. ಸಂದಿಯ ಅಂಕಿಗೆ ಅರ್ಥ ಬರುವುದು ಯಾವ ಆಯಿಲ್ ಎಂದು ಹೇಳಿದಾಗ ಮಾತ್ರ. ಬೇರಿಂಗಿನೊಳಗಿನ ಬಿಸಿ ಮತ್ತು ರಭಸದ ಉಜ್ಜಾಟದಲ್ಲಿ ಆಯಿಲ್ ಎಷ್ಟು ಗಟ್ಟಿ ಉಳಿಯುತ್ತದೆ ಎಂಬುದಕ್ಕೆ ಬೇರೆಯೇ ಪರೀಕ್ಷೆಯಿದೆ. ಅದು 150 ಡಿಗ್ರಿಯಲ್ಲಿ ನಡೆಯುತ್ತದೆ. 15ಡಬ್ಲ್ಯು-40ಕ್ಕೆ ಅದರಲ್ಲಿ ಕನಿಷ್ಠ 3.7 ಅಂಕ ಬೇಕು, 5ಡಬ್ಲ್ಯು-40ಕ್ಕೆ 3.5 ಸಾಕು, 30ರ ಆಯಿಲ್ಲಿಗೆ 2.9, 20ರದಕ್ಕೆ 2.6. ತೆಳು ಆಯಿಲ್ ಕೇಳುವ ಹೊಸ ಕಾರಿನ ಎಂಜಿನ್ನನ್ನು ಹಳೆ ಟ್ರ್ಯಾಕ್ಟರಿನ ಲೆಕ್ಕದಲ್ಲಿ ಸಡಿಲ ಕಟ್ಟಿದರೆ ಪದರವೇ ನಿಲ್ಲದು. ಸಡಿಲ ಕಟ್ಟಿ ಆಮೇಲೆ ದಪ್ಪ ಆಯಿಲ್ ಸುರಿದು ಪ್ರೆಶರ್ ಮುಳ್ಳನ್ನು ಮೇಲೆತ್ತುವುದು ಗ್ಯಾರೇಜುಗಳ ಹಳೆಯ ಕಣ್ಕಟ್ಟು. ಮುಳ್ಳು ಏರುತ್ತದೆ, ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆದೊಡನೆ ಟರ್ಬೊಗೆ ಆಯಿಲ್ ತಲುಪುವುದು ಮಾತ್ರ ತಡವಾಗುತ್ತದೆ.

◆ ಬ್ಲಾಕ್ ಯಾವ ಲೋಹದ್ದು? ಬೀಡುಕಬ್ಬಿಣದ ಬ್ಲಾಕಿಗೂ ಉಕ್ಕಿನ ಕ್ರ್ಯಾಂಕಿಗೂ ಬಿಸಿಗೆ ಹಿಗ್ಗುವ ಗುಣ ಹೆಚ್ಚೂಕಡಿಮೆ ಒಂದೇ, ಆದ್ದರಿಂದ ತಣ್ಣಗಿದ್ದಾಗಿನ ಸಂದಿಯೇ ಬಿಸಿಯಲ್ಲೂ ಉಳಿಯುತ್ತದೆ. ಅಲ್ಯೂಮಿನಿಯಂ ಅವುಗಳ ಎರಡರಷ್ಟು ಹಿಗ್ಗುತ್ತದೆ. 60 ಮಿ.ಮೀ. ಬೋರು 80 ಡಿಗ್ರಿ ಬಿಸಿಯೇರಿದರೆ ಅಲ್ಯೂಮಿನಿಯಂ 0.11 ಮಿ.ಮೀ. ಹಿಗ್ಗಿದರೆ ಉಕ್ಕಿನ ಜರ್ನಲ್ಲು 0.06ರಷ್ಟೇ ಹಿಗ್ಗುತ್ತದೆ. ಸಂದಿ ತಾನಾಗಿಯೇ 0.05 ಬೆಳೆಯಿತು. ಅನೇಕ ಅಲ್ಯೂಮಿನಿಯಂ ಬ್ಲಾಕುಗಳಲ್ಲಿ ಮೇನ್ ಕ್ಯಾಪನ್ನು ಬೀಡಿನಲ್ಲಿ ಮಾಡುವುದಕ್ಕೆ, ತಣ್ಣಗಿದ್ದಾಗಿನ ಸಂದಿಯನ್ನು ಬಿಗಿ ಇಡುವುದಕ್ಕೆ ಈ ಲೆಕ್ಕವೇ ಕಾರಣ. ಅಂಥ ಎಂಜಿನ್ನನ್ನು ಟರ್ಬೊ ಎಂದು ಮತ್ತಷ್ಟು ಸಡಿಲ ಕಟ್ಟಿದರೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ.

◆ ಸುಜುಕಿಯ ಹಲವು ಎಂಜಿನ್‌ಗಳಿಗೆ ಸ್ಟ್ಯಾಂಡರ್ಡ್ ಸೈಜಿನ ಮೇನ್ ಶೆಲ್ ಐದು ಬಣ್ಣದಲ್ಲಿ ಬರುತ್ತದೆ: ಹಸಿರು, ಕಪ್ಪು, ಬಣ್ಣವಿಲ್ಲದ್ದು, ಹಳದಿ, ನೀಲಿ. ಒಂದರಿಂದ ಇನ್ನೊಂದಕ್ಕೆ ದಪ್ಪದಲ್ಲಿ ಮೂರು ಮೈಕ್ರಾನ್ ವ್ಯತ್ಯಾಸ. ಕ್ರ್ಯಾಂಕಿನ ಮೇಲೆ ಕೊರೆದ ಅಂಕಿಯನ್ನೂ ಬ್ಲಾಕಿನ ಮೇಲಿನ ಅಕ್ಷರವನ್ನೂ ಕೂಡಿಸಿ ನೋಡಿ ಯಾವ ಜರ್ನಲ್ಲಿಗೆ ಯಾವ ಬಣ್ಣ ಎಂದು ತೀರ್ಮಾನಿಸಬೇಕು. ಒಂದೇ ಎಂಜಿನ್ನಿನಲ್ಲಿ ಮೂರು ಬಣ್ಣ ಕಂಡರೆ ಹಿಂದಿನವನು ಸಿಕ್ಕಿದ್ದನ್ನು ತುರುಕಿದ್ದಾನೆ ಎಂದುಕೊಳ್ಳಬೇಡಿ. ಅವನು ಪುಸ್ತಕ ಓದಿದ್ದಾನೆ.

◆ ಗ್ರೈಂಡಿಂಗ್ ಅಂಗಡಿಯಲ್ಲಿ "ಹತ್ತು", "ಇಪ್ಪತ್ತು", "ಮೂವತ್ತು" ಎಂದರೆ ಥೌ ಲೆಕ್ಕದ ಅಂಡರ್‌ಸೈಜ್. ಮಿಲಿಮೀಟರಿನಲ್ಲಿ 0.25, 0.50, 0.75. ಕ್ರ್ಯಾಂಕನ್ನು ಮೊದಲು ಗ್ರೈಂಡ್ ಮಾಡಿಸಿ ಆಮೇಲೆ ಶೆಲ್ ಹುಡುಕಲು ಹೋಗುವುದು ನಮ್ಮಲ್ಲಿ ರೂಢಿ. ತಿಳಿದವರು ತಿರುಗಾಮುರುಗಾ ಮಾಡುತ್ತಾರೆ. ಶೆಲ್ ಮೊದಲು ಕೊಂಡು, ಬ್ಲಾಕಿಗೆ ಕೂರಿಸಿ, ಕ್ಯಾಪ್ ಟಾರ್ಕ್ ಮಾಡಿ, ಬೋರ್ ಗೇಜಿನಲ್ಲಿ ಒಳ ಅಳತೆ ತೆಗೆದು, ಅದರಿಂದ ಬೇಕಾದ ಸಂದಿಯನ್ನು ಕಳೆದು ಬಂದ ಅಂಕಿಯನ್ನು ಗ್ರೈಂಡಿಂಗಿನವರಿಗೆ ಬರೆದು ಕೊಡುತ್ತಾರೆ. ಸಂದಿಯನ್ನು 'ಆರಿಸುವುದು' ಎಂದರೆ ಇಷ್ಟೇ.

◆ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ಮುಚ್ಚಿದ ಕಾರ್ಖಾನೆಗಿಂತ ಹೆಚ್ಚು ಬಾಳಿದವು. ಈ ಸೀಮೆಯ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಇನ್ನೂ ತಿರುಗುತ್ತಿವೆ. ಒಳ್ಳೆಯ ಲೇತೇ ನಿಜ, ಆದರೆ ಲೇತಿಗೆ ಕ್ರ್ಯಾಂಕ್ ಕಟ್ಟಿ ಎಮರಿ ಪಟ್ಟಿಯಲ್ಲಿ ಸೈಜ್ ಇಳಿಸುವುದು ಬೇಡ. ಜರ್ನಲ್ಲು ಕೆಲವೇ ಮೈಕ್ರಾನಿನೊಳಗೆ ದುಂಡಗಿರಬೇಕು. ಕ್ರ್ಯಾಂಕ್ ಗ್ರೈಂಡರಿಗೆ ಮಾತ್ರ ಅದು ಸಾಧ್ಯ.

◆ ಶೆಲ್ಲಿನ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ನಡುವಿನಲ್ಲಿ ದಪ್ಪ, ಎರಡು ಶೆಲ್ ಕೂಡುವ ಅಂಚಿಗೆ ಸ್ವಲ್ಪ ತೆಳು. ಬೇಕೆಂದೇ ಹಾಗೆ ಮಾಡಿರುತ್ತಾರೆ. ಆದ್ದರಿಂದ ಸಂದಿಯನ್ನು ಕೂಡುಗೆರೆಗೆ ನೆಟ್ಟಗೆ, ಮೇಲಿನಿಂದ ಕೆಳಕ್ಕೆ ಅಳೆಯಬೇಕು. ಅಂಚಿನಲ್ಲಿ ಅಳೆದರೆ ಇಲ್ಲದ ಲೂಸು ಕಾಣುತ್ತದೆ.

◆ ಪ್ರತಿ ಶೆಲ್ಲು ಅರ್ಧ ವೃತ್ತಕ್ಕಿಂತ ಎಳ್ಳಷ್ಟು ಹೆಚ್ಚೇ ಇರುತ್ತದೆ. ಕ್ಯಾಪ್ ಬಿಗಿದಾಗ ಆ ಹೆಚ್ಚಿನದು ಒತ್ತಿಕೊಂಡು ಶೆಲ್ಲನ್ನು ಮನೆಗೆ ಅದುಮಿ ಹಿಡಿಯುತ್ತದೆ. ಶೆಲ್ಲು ತಿರುಗದಂತೆ ತಡೆಯುವುದು ಈ ಅದುಮಿಕೆ. ಅದರ ಕಿವಿ ಇರುವುದು ಜೋಡಿಸುವಾಗ ಜಾಗ ತೋರಿಸುವುದಕ್ಕೆ ಮಾತ್ರ. ಹಾಗೆಂದ ಮೇಲೆ, ಸವೆದ ಬೇರಿಂಗಿನ ಸಂದಿ ಕಡಿಮೆ ಮಾಡಲು ಕ್ಯಾಪಿನ ಮುಖವನ್ನು ಅರದಿಂದ ಉಜ್ಜುವ ಉಪಾಯಕ್ಕೆ ಏನೆನ್ನೋಣ? ಬೋರು ಮೊಟ್ಟೆಯಾಕಾರಕ್ಕೆ ಬರುತ್ತದೆ. ಮೇಲೆ ಕೆಳಗೆ ಬಿಗಿ, ಪಕ್ಕಕ್ಕೆ ಸಡಿಲ. ಟರ್ಬೊ ಎಂಜಿನ್ನಿಗೆ ಇದು ಸೀಜ್ ಆಗುವ ಆಮಂತ್ರಣ ಪತ್ರ.

◆ ಮೇನ್ ಬೇರಿಂಗಿನ ಮೇಲಿನ ಶೆಲ್ಲಿಗೆ ಗ್ರೂವ್ ಕೊರೆದು ತೂತು ಬಿಟ್ಟಿರುತ್ತಾರೆ, ಕೆಳಗಿನದು ಸಾಮಾನ್ಯವಾಗಿ ಬೋಳು. ಹೊಡೆತವೆಲ್ಲ ಕೆಳಗಿನದರ ಮೇಲೆ ಬೀಳುವುದರಿಂದ ಅದಕ್ಕೆ ಪೂರ್ತಿ ಮೈ ಬೇಕು. ಕನೆಕ್ಟಿಂಗ್ ರಾಡಿನಲ್ಲಿ ಇದು ಉಲ್ಟಾ, ಅಲ್ಲಿ ಹೊಡೆತ ತಿನ್ನುವುದು ಮೇಲಿನ ಶೆಲ್. ಮೇನಿನಲ್ಲಿ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿದರೆ ಬ್ಲಾಕಿನ ಆಯಿಲ್ ತೂತೇ ಮುಚ್ಚಿಹೋಗುತ್ತದೆ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಚೆನ್ನಾಗಿಯೇ ಓಡುತ್ತದೆ, ಒಂದೆರಡು ನಿಮಿಷ.

◆ ಬೋರ್ ಗೇಜ್ ಇಲ್ಲದವರಿಗೆ ಪ್ಲಾಸ್ಟಿಗೇಜ್ ಉಂಟು. ಮೇಣದಂಥ ತೆಳು ದಾರ. ಜರ್ನಲ್ ಮೇಲೆ ಇಟ್ಟು ಕ್ಯಾಪ್ ಟಾರ್ಕ್ ಮಾಡಿ ಬಿಚ್ಚಿದರೆ ಅದು ಚಪ್ಪಟೆಯಾಗಿರುತ್ತದೆ. ಎಷ್ಟು ಅಗಲಕ್ಕೆ ಹರಡಿದೆ ಎಂದು ಪೊಟ್ಟಣದ ಮೇಲಿನ ಗೆರೆಗೆ ಹೋಲಿಸಿದರೆ ಸಂದಿ ಗೊತ್ತಾಗುತ್ತದೆ. ಹಸಿರು ದಾರ 0.025ರಿಂದ 0.076 ಮಿ.ಮೀ.ವರೆಗೆ, ಕೆಂಪು 0.05ರಿಂದ 0.15, ನೀಲಿ 0.10ರಿಂದ 0.23. ದಾರ ಇಟ್ಟಮೇಲೆ ಕ್ರ್ಯಾಂಕ್ ತಿರುಗಿಸಬಾರದು. ಬ್ಲಾಕನ್ನು ತಲೆಕೆಳಗಾಗಿಟ್ಟು ಅಳೆಯಬೇಕು, ಇಲ್ಲದಿದ್ದರೆ ಕ್ರ್ಯಾಂಕಿನ ತೂಕ ಲೆಕ್ಕ ಕೆಡಿಸುತ್ತದೆ. ನೀಲಿ ದಾರ ಬೇಕಾದ ಸಂದಿ ಬಂದರೆ ಅಳೆಯುವುದನ್ನು ನಿಲ್ಲಿಸಿ ಮುಂದಿನ ಸೈಜಿನ ಶೆಲ್ ಹುಡುಕಿ.

◆ ಜಗತ್ತಿನ ಎಲ್ಲ ಎಂಜಿನಿಯರಿಂಗ್ ಅಳತೆಗಳೂ 20 ಡಿಗ್ರಿಯ ಲೆಕ್ಕದಲ್ಲಿ ಬರೆದವು. ಶಿವಮೊಗ್ಗದ ಏಪ್ರಿಲ್ ಅದಕ್ಕೆ ಒಪ್ಪುವುದಿಲ್ಲ. ಸಮಾಧಾನವೆಂದರೆ ಮೈಕ್ರೋಮೀಟರೂ ಉಕ್ಕಿನದು, ಕ್ರ್ಯಾಂಕೂ ಉಕ್ಕಿನದು, ಎರಡೂ ಒಂದೇ ನೆರಳಿನಲ್ಲಿ ರಾತ್ರಿ ಕಳೆದಿದ್ದರೆ ಒಟ್ಟಿಗೇ ಹಿಗ್ಗಿರುತ್ತವೆ. ಆದರೆ ಗೂಡ್ಸ್ ಆಟೋದಲ್ಲಿ ಬಿಸಿಲಿಗೆ ಕಾದು ಬಂದ ಕ್ರ್ಯಾಂಕನ್ನು ಆ ಕ್ಷಣವೇ ಅಳೆಯಬೇಡಿ. 70 ಮಿ.ಮೀ. ಜರ್ನಲ್ಲು 15 ಡಿಗ್ರಿ ಹೆಚ್ಚು ಬಿಸಿಯಿದ್ದರೆ 0.0126 ಮಿ.ಮೀ. ದಪ್ಪ ತೋರಿಸುತ್ತದೆ. ರೇಸಿನವರ ಆ ಅರ್ಧ ಥೌ ಬಿಸಿಲಿಗೇ ಹೋಯಿತು.

◆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ್ದು ಕಾಡಿನ ಇದ್ದಿಲಿನಿಂದ, ಕೆಮ್ಮಣ್ಣುಗುಂಡಿಯ ಅದಿರಿನಿಂದ. ಮುಂದೆ ಅದು ಮಿಶ್ರಲೋಹದ ಉಕ್ಕಿಗೆ, ವಿಶೇಷ ಉಕ್ಕಿಗೆ ಹೆಸರಾಯಿತು. 1989ರಲ್ಲಿ ಸೈಲ್ ಪಾಲಾಯಿತು. ಭಾರಿ ಟರ್ಬೊ ಡೀಸೆಲ್ಲಿನ ಕ್ರ್ಯಾಂಕನ್ನು ಮಿಶ್ರಲೋಹದ ಉಕ್ಕು ಕಾಯಿಸಿ ಬಡಿದು ಮಾಡುತ್ತಾರೆ. ಹಗುರ ಎಂಜಿನ್‌ಗಳ ಕ್ರ್ಯಾಂಕ್ ಬಹಳಷ್ಟು ಸಲ ಎಸ್‌ಜಿ ಐರನ್ನಿನ ಎರಕ. ಶಿವಮೊಗ್ಗದ ಫೌಂಡ್ರಿಗಳಿಗೆ ಈ ಕಬ್ಬಿಣದ ಪರಿಚಯ ಹೇಳಬೇಕಿಲ್ಲ. ಅದರೊಳಗೆ ಗ್ರಾಫೈಟು ಸಣ್ಣ ಗೋಲಿಗಳಂತೆ ಕೂತಿರುತ್ತದೆ. ಗ್ರೈಂಡ್ ಮಾಡುವಾಗ ಆ ಗೋಲಿಗಳ ಬಾಯಿಯ ಸುತ್ತ ಕಣ್ಣಿಗೆ ಕಾಣದ ಮುಳ್ಳು ಏಳುತ್ತವೆ. ಕೊನೆಯ ಪಾಲಿಶನ್ನು ಎಂಜಿನ್ ತಿರುಗುವ ದಿಕ್ಕು ನೋಡಿ ಮಾಡದಿದ್ದರೆ ಆ ಮುಳ್ಳುಗಳು ಶೆಲ್ಲನ್ನು ಅರದಂತೆ ಉಜ್ಜುತ್ತವೆ, ಸಂದಿ ಎಷ್ಟೇ ಸರಿಯಿದ್ದರೂ.

◆ ನೈಟ್ರೈಡಿಂಗ್ ಮಾಡಿದ ಕ್ರ್ಯಾಂಕಿನ ಗಟ್ಟಿ ಚರ್ಮ ಬಹಳ ತೆಳು. ಇಪ್ಪತ್ತು ಮೂವತ್ತು ಥೌ ಇಳಿಸಿದರೆ ಅದು ಹೋಗುತ್ತದೆ. ಮತ್ತೆ ನೈಟ್ರೈಡ್ ಮಾಡಿಸದೆ ಟರ್ಬೊ ಎಂಜಿನ್ನಿಗೆ ಹಾಕುವಂತಿಲ್ಲ.

◆ ಮೇನ್ ಬೋಲ್ಟ್ ತೆಗೆದು ರೇಸ್ ಸ್ಟಡ್ ಹಾಕಿದರೆ ಬೋರಿನ ಆಕಾರವೇ ಬದಲಾಗುತ್ತದೆ. ಲೈನ್ ಹೋನಿಂಗ್ ಮಾಡಿಸದೆ ಅಳೆದ ಸಂದಿಗೆ ಬೆಲೆಯಿಲ್ಲ.

◆ ಭತ್ತದ ಹೊಟ್ಟು ಸುಟ್ಟರೆ ಅದರ ತೂಕದ ಐದನೇ ಒಂದು ಪಾಲು ಬೂದಿ. ಆ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಮೂಲದ್ರವ್ಯ. ಕಟಾವು ಯಂತ್ರ ದಿನವಿಡೀ ಓಡುವುದು ಈ ಧೂಳಿನೊಳಗೆ. ಏರ್ ಫಿಲ್ಟರಿಗೂ ಟರ್ಬೊಗೂ ನಡುವಿನ ರಬ್ಬರ್ ಪೈಪು ಬಿರುಕು ಬಿಟ್ಟರೆ ಧೂಳು ಕಂಪ್ರೆಸರ್ ರೆಕ್ಕೆಯ ಅಂಚನ್ನು ತಿಂದು, ಲೈನರ್ ಉಜ್ಜಿ, ಆಯಿಲ್ಲಿಗೆ ಸೇರಿ ಮೇನ್ ಶೆಲ್ಲಿಗೆ ಬರುತ್ತದೆ. ಹೊಸ ಬೇರಿಂಗ್ ಒಂದೇ ಸುಗ್ಗಿಯಲ್ಲಿ ಮಂಕಾದರೆ ಸಂದಿಯ ಲೆಕ್ಕ ಕೆದಕುವ ಮೊದಲು ಪೈಪಿನ ಕ್ಲಿಪ್ ನೋಡಿ.

◆ 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಯಲ್ಲಿ ಆಯಿಲ್ ಮಟ್ಟ ಏರಿದರೆ ಸಂತೋಷಪಡಬೇಡಿ. ಹೊಗೆಯ ಫಿಲ್ಟರನ್ನು ಸುಟ್ಟು ಸ್ವಚ್ಛ ಮಾಡಲು ಹೆಚ್ಚಿಗೆ ಚಿಮ್ಮಿಸಿದ ಡೀಸೆಲ್ ಲೈನರ್ ಗೋಡೆಯಿಂದ ಇಳಿದು ಆಯಿಲ್ಲಿಗೆ ಬೆರೆತಿರುತ್ತದೆ. ಊರೊಳಗೆ ಸಣ್ಣ ಸಣ್ಣ ಓಡಾಟ ಮಾಡುವ ಗಾಡಿಗಳಲ್ಲಿ ಇದು ಹೆಚ್ಚು. 40ರ ಆಯಿಲ್ ಆಗ 40ರದಾಗಿ ಉಳಿದಿರುವುದಿಲ್ಲ, ಬೇರಿಂಗಿಗೆ ಅದು ತಿಳಿಯುತ್ತದೆ.

◆ ಕ್ರ್ಯಾಂಕ್ ಹಿಂದಕ್ಕೆ ಮುಂದಕ್ಕೆ ಆಡುವುದನ್ನು ತಡೆಯುವುದು ಥ್ರಸ್ಟ್ ವಾಷರ್. ಹಾಫ್ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸುವ ಡ್ರೈವರ್ ಅದನ್ನು ಕಾಲಿನಿಂದ ತಿನ್ನುತ್ತಾನೆ. ಡಯಲ್ ಗೇಜಿಟ್ಟು ನೋಡಿ, ಬಹುತೇಕ ಎಂಜಿನ್‌ಗಳಿಗೆ 0.1ರಿಂದ 0.3 ಮಿ.ಮೀ. ಸಾಕು.

◆ ಶಬ್ದದಿಂದಲೂ ಪತ್ತೆ ಹಚ್ಚಬಹುದು. ಬಿಗ್ ಎಂಡ್ ಹೋದರೆ ಟಕಟಕ ಎಂದು ಚುರುಕಾಗಿ ಕೇಳುತ್ತದೆ. ಮೇನ್ ಹೋದರೆ ಎಂಜಿನ್ನಿನ ಹೊಟ್ಟೆಯೊಳಗಿಂದ ಬರುವ ಭಾರವಾದ ದುಬುದುಬು, ಲೋಡು ಬಿದ್ದಾಗ ಜೋರು. ಅದು ಕಿವಿಗೆ ಬೀಳುವ ಹೊತ್ತಿಗೆ ಕ್ರ್ಯಾಂಕೂ ಕೆಟ್ಟಿರುತ್ತದೆ.

◆ ಕಟ್ಟಿದ ಟರ್ಬೊ ಎಂಜಿನ್ನಿಗೆ ಅತ್ಯಂತ ಅಪಾಯದ ಗಳಿಗೆ ಮೊದಲ ಸ್ಟಾರ್ಟ್. ಆಯಿಲ್ ದಾರಿಗಳೆಲ್ಲ ಒಣಗಿರುತ್ತವೆ. ಶೆಲ್ಲುಗಳಿಗೆ ಜೋಡಿಸುವಾಗಲೇ ಆಯಿಲ್ ಹಚ್ಚಿರಬೇಕು. ಫಿಲ್ಟರ್ ತುಂಬಿಸಿ, ಟರ್ಬೊದ ಆಯಿಲ್ ಬಾಯಿಗೆ ಒಂದಿಷ್ಟು ಆಯಿಲ್ ಬಿಟ್ಟು ಅಚ್ಚನ್ನು ಕೈಯಲ್ಲಿ ತಿರುಗಿಸಿ, ಡೀಸೆಲ್ ಬಂದ್ ಮಾಡಿ, ಪ್ರೆಶರ್ ಮುಳ್ಳು ಏಳುವವರೆಗೆ ಸ್ಟಾರ್ಟರ್ ಮೋಟಾರನ್ನು ಬಿಟ್ಟು ಬಿಟ್ಟು ಹೊಡೆಯಬೇಕು. ಆಮೇಲೆ ಡೀಸೆಲ್. ಸ್ಟಾರ್ಟ್ ಆದೊಡನೆ ರೇಸ್ ಕೊಟ್ಟು ನೋಡುವ ಚಪಲವನ್ನು ಅಂದು ಒಂದು ದಿನ ತಡೆದುಕೊಳ್ಳಿ.

◆ ಮೊದಲ ಆಯಿಲ್ ಬದಲಿಸಿದಾಗ ಹಳೆ ಫಿಲ್ಟರನ್ನು ಎಸೆಯದೆ ಕೊಯ್ದು, ಕಾಗದದ ಮಡಿಕೆ ಬಿಚ್ಚಿ ಬಿಸಿಲಿಗೆ ಹಿಡಿಯಿರಿ. ಬೂದು ಬಣ್ಣದ ಮಸಿಯಂಥ ಪುಡಿ ಒಂದಿಷ್ಟಿದ್ದರೆ ಹೊಸ ರಿಂಗುಗಳು ಕೂರುತ್ತಿವೆ. ಅಯಸ್ಕಾಂತಕ್ಕೆ ಅಂಟದ ಬೆಳ್ಳಿ ಬಣ್ಣದ ಚೂರು ಕಂಡರೆ ಅದು ಅಲ್ಯೂಮಿನಿಯಂ ಇರಬಹುದು, ಶೆಲ್ಲಿನ ಮೇಲ್ಪದರವೂ ಇರಬಹುದು. ಎರಡಕ್ಕೂ ಪ್ರೆಶರ್ ಮೇಲೆ ಕಣ್ಣಿಡಿ. ತಾಮ್ರದ ಬಣ್ಣ ಮಿನುಗಿದರೆ ಮೆದುಲೋಹವೂ ನಿಕ್ಕಲ್ಲಿನ ತಡೆಯೂ ಎಲ್ಲೋ ಹೋಗಿವೆ. ಮೇನಿನದೋ, ಬಿಗ್ ಎಂಡಿನದೋ, ಟರ್ಬೊ ಬುಶ್ಶಿನದೋ ಎಂದು ತಿಳಿಯಲು ಸಂಪು ಇಳಿಸಿ, ಒಂದೊಂದೇ ಕ್ಯಾಪ್ ಬಿಚ್ಚುತ್ತಾ ಹೋಗುವುದು ಬಿಟ್ಟರೆ ಬೇರೆ ದಾರಿಯಿಲ್ಲ. ನಡುವಿನ ಕ್ಯಾಪಿನಿಂದ ಶುರುಮಾಡಿ.